ಓಣಿಯವರು ಸಾಕಿದ ಲಕ್ಕಿ ಗಿಡ

ನಂದಕುಮಾರನ ಸಂಕಟಕ್ಕೆಲ್ಲ ಕಾರಣ ಒಂದು ಗೇಣುದ್ದದ ಲಕ್ಕಿ ಕಡ್ಡಿ.

ಬೀದರಿನ ಮೈಲೂರಲ್ಲಿ ಅವನ ಹೊಸ ಮನೆಯ ಅಂಗಳವೆಂದರೆ ಬರೀ ಕೆಂಪು ಮೊರಂ, ಕಲ್ಲುಕಲ್ಲಾದ ಗಟ್ಟಿ ಮಣ್ಣು. ಗುಲಾಬಿ, ಮಲ್ಲಿಗೆ ಎಲ್ಲ ಅಲ್ಲಿ ಕಣ್ಣು ಮುಚ್ಚಿದ್ದವು. ಮಳೆಗಾಲದಲ್ಲಿ ಭಾತಂಬ್ರಾದಿಂದ ಬಂದ ಮಾವ ಹಾವಗೆಪ್ಪ ತಾನೇ ಗುಂಡಿ ತೋಡಿ ಕಡ್ಡಿ ಹುಗಿದಿದ್ದ.

"ಅಳಿಯಾರ, ಲಕ್ಕಿ ಕಲ್ಲಿನ್ಯಾಗೂ ಬರ್ತದ. ಆಡು ಸೈತ ಮುಟ್ಟಂಗಿಲ್ಲ. ನೀರ ಹಾಕಬ್ಯಾಡ್ರಿ, ಸುಮ್ಮ ಬಿಡ್ರಿ. ಇದೂ ಸತ್ತರ ನಾ ಇಲ್ಲೇ ಬಂದು ಇದ್ದು ನಿಮಗ ಒಕ್ಕಲುತನ ಕಲಸ್ತೇನಿ."

ಮಾವ ಬಂದು ಇರುವುದೆಂದರೆ ನಂದಕುಮಾರನಿಗೆ ನಡುಕ. ಅಳಿಯ ಚಹಾ ಕುಡಿದರೂ ಅದರಲ್ಲಿ ತಪ್ಪು ತೆಗೆಯುವ ಮನುಷ್ಯ. ಆ ಭಯಕ್ಕೇ ಅವನು ದಿನಾ ಕದ್ದು ಒಂದು ಕೊಡ ನೀರು ಸುರಿದ.

ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಹೆಂಡತಿ ಉಮಾಶ್ರೀ ಹೇಳಿದಳು, "ಅಪ್ಪ ಭಾಲ್ಕ್ಯಾಗ ಬಸ್ ಹತ್ಯಾರಂತ್ರಿ, ಗಿಡ ನೋಡ್ಲಾಕ."

ನಂದಕುಮಾರ ಹೊರಗೋಡಿದ. ಕಡ್ಡಿ ಕೊಳೆತು ನೆಲಕ್ಕೊರಗಿತ್ತು. ಅವನ ಕೂಗಿಗೆ ಓಣಿಯೇ ನೆರೆಯಿತು.

ಪಕ್ಕದ ಮನೆಯ ಗುರಮ್ಮ ಮೂಗಿನ ಮೇಲೆ ಬೆರಳಿಟ್ಟಳು. "ಅಯ್ಯ, ನೀವು ನೀರೇ ಹಾಕಂಗಿಲ್ಲಂತ ನಾ ದಿನಾ ಒಂದ್ ತಂಬಗಿ ಹಾಕ್ತಿದ್ನಲ್ರಿ!"

"ನಾನೂ ಹಾಕೀನ್ರಿ," ಎದುರುಮನೆಯ ನಬೀಸಾಬ ಎದೆಯುಬ್ಬಿಸಿದ. "ನಮ್ಮಾಕಿ ಬಿಸ್ಮಿಲ್ಲಾಬೀ ಅಕ್ಕಿ ತೊಳದ ನೀರ ಬ್ಯಾರೆ ಹಾಕ್ಯಾಳ."

ಇಡೀ ಓಣಿಯ ಕರುಣೆಯಲ್ಲಿ ಮುಳುಗಿ ಗಿಡ ಸತ್ತಿತ್ತು.

ನಂದಕುಮಾರ ಸ್ಕೂಟರ್ ಹತ್ತಿ ಔರಾದ ರಸ್ತೆಗೆ ಹಾರಿದ. ಅಲ್ಲಿ ಯಾರೂ ನೆಡದ, ಯಾರೂ ಕೇಳದ ಲಕ್ಕಿ ಆಳೆತ್ತರ ಬೆಳೆದು ನೀಲಿ ಹೂ ಬಿಟ್ಟು ಘಮಘಮಿಸುತ್ತಿತ್ತು. ನೋಡಿ ಅವನ ಹೊಟ್ಟೆ ಉರಿಯಿತು. ಸೊಂಟದೆತ್ತರದ ಕೊಂಬೆಯೊಂದನ್ನು ಮುರಿದು ತಂದು ಗುಂಡಿಯಲ್ಲಿ ಹುಗಿದ. ಬಾಯಿ ಬಿಡಬೇಡಿರೆಂದು ಓಣಿಯವರಿಗೆಲ್ಲ ಭಜಿ ತಿನ್ನಿಸಿದ.

ಹಾವಗೆಪ್ಪ ಬಂದ. ಎಲೆ ತಿಕ್ಕಿ ಮೂಸಿದ. ಒಂದು ಸಲ ಅಲುಗಾಡಿಸಿದರೆ ಮುಗಿಯಿತು, ಕೊಂಬೆ ಕೈಗೇ ಬರುತ್ತಿತ್ತು. ಆದರೆ ಮಾವ ಗಿಡ ನೋಡುವುದು ಬಿಟ್ಟು ತನ್ನ ಎರಡೂ ಅಂಗೈ ನೋಡಿಕೊಂಡ.

"ಏನ್ ಕೈಗುಣ ನಂದು! ಮೊರಂದಾಗ ಹೂ ಬಿಡಿಸೀನಿ!"

"ಖರೇ ಅದರಿ ಅಣ್ಣಾರ," ಭಜಿ ತಿಂದ ಋಣಕ್ಕೆ ಗುರಮ್ಮ ದನಿಗೂಡಿಸಿದಳು. "ನಮ್ಮ ಅಂಗಳದಾಗೂ ನೀವೇ ಹಚ್ಚಬೇಕ್ರಿ."

"ನಮ್ಮಲ್ಲೂ ರೀ," ಎಂದ ನಬೀಸಾಬ.

ಹಾವಗೆಪ್ಪ ಅಂಗಿಯ ತೋಳು ಮಡಚಿದ. "ಉಮಾ, ನಿಮ್ಮವ್ವಗ ಫೋನ್ ಹಚ್ಚು. ಓಣಿಗೆಲ್ಲ ಲಕ್ಕಿ ಹಚ್ಚೋತನಕ ನಾ ಇಲ್ಲೇ ಇರ್ತೇನಿ, ಆಕೀನೂ ಬರ್ಲಿ. ಅಳಿಯಾರ, ಯಾಕ ನಿಂತ್ರಿ? ಹಾರಿ-ಸಲಿಕಿ ತರ್ರಿ. ಹಚ್ಚೋ ಕೈ ನಂದು, ಗುಂಡಿ ತೋಡೋರು ನೀವು."