ದುರ್ಬೀನಿನ ರೈಫಲ್ಲಿನ ಸಹವಾಸ

ಬಂದೂಕಿನ ಹತ್ತಿರ ಗಂಭೀರವಾಗಿರಬೇಕು ಎಂದು ಎಲ್ಲರೂ ಹೇಳುತ್ತಾರೆ. ಹೇಳುವವರು ಬಂದೂಕಿನ ಜೊತೆ ಸಂಸಾರ ಮಾಡಿದವರಲ್ಲ. ನಾನು ಮಾಡಿದ್ದೇನೆ. ನಿಜಾಮ ಸರ್ಕಾರದ ಕೊನೆಯ ವರ್ಷಗಳಲ್ಲಿ ಕಲಬುರಗಿಯ ಒಂದು ಠಾಣೆಯಲ್ಲಿ ನಾನು ಬಂದೂಕು ರಿಪೇರಿಯ ಮಿಸ್ತ್ರಿ. ಅಲ್ಲಿ ಫೌಜಿನಿಂದ ಬಂದ ಒಂದು ರೈಫಲ್ಲಿತ್ತು. ಒಂದೊಂದು ಗುಂಡಿಗೂ ಕೈಯಿಂದ ಬೋಲ್ಟು ಎಳೆದು ದೂಡಬೇಕು. ಮೇಲೆ ಮೊಳದುದ್ದದ ದುರ್ಬೀನು. ಅದನ್ನು ಹೊಡೆಯುವ ಹಕ್ಕು ರೋಜಾ ಓಣಿಯ ಜಮಾದಾರ್ ಸಾಹೇಬರದು, ಅದರ ಮೈ ಒರೆಸುವ ಕೆಲಸ ನನ್ನದು. ನಗಿಸುವ ಕೆಲಸವನ್ನು ಅದು ತಾನೇ ನೋಡಿಕೊಂಡಿತು.

೧. ಎರಡು ಬೀಡಿ ದೂರ

ಹೈದರಾಬಾದಿನಿಂದ ತನಿಖೆಗೆ ಬಂದ ಸಾಹೇಬರು, ಇದು ಎಷ್ಟು ದೂರ ಹೊಡೆಯುತ್ತದೆ ಎಂದು ಕೇಳಿದರು. ಜಮಾದಾರರು ಎದೆಯುಬ್ಬಿಸಿ, ಎರಡು ಬೀಡಿ ಎಂದರು. ನಮ್ಮಲ್ಲಿ ದಾರಿ ಅಳೆಯುತ್ತಿದ್ದುದೇ ಹಾಗೆ: ನಡೆಯುತ್ತ ಒಂದು ಬೀಡಿ ಸೇದಿ ಮುಗಿಸುವಷ್ಟು ದೂರಕ್ಕೆ ಒಂದು ಬೀಡಿ. ದುರ್ಬೀನಿನ ಮೇಲೆ ದೂರ ಹೊಂದಿಸುವ ತಿರುಪಿಗೆ ಗಜದ ಅಂಕಿಗಳಿದ್ದವು. ಜಮಾದಾರರು ಅದರ ಮೇಲೂ ಸುಣ್ಣದಿಂದ ಬೀಡಿಯ ಗುರುತು ಹಾಕಿಟ್ಟಿದ್ದರು. ಸಾಹೇಬರು ಸಿಟ್ಟಿಗೆದ್ದು, ಒಂದು ಬೀಡಿ ಎಂದರೆ ಎಷ್ಟು ಗಜ ಎಂದರು.

"ಗಾಳಿ ನೋಡಿ ಹೇಳಬೇಕ್ರಿ ಹುಜೂರ್. ಗಾಳಿ ಇದ್ರ ಬೀಡಿ ಜಲ್ದಿ ಮುಗೀತದ."

ಗಾಳಿಯಿದ್ದರೆ ಗುಂಡೂ ದಾರಿ ತಪ್ಪುತ್ತದೆ ಎಂಬುದು ಸಾಹೇಬರಿಗೆ ಗೊತ್ತಿತ್ತು. ಬಹಳ ಹೊತ್ತು ಯೋಚಿಸಿ, ಜವಾಬು ಸರಿಯಿದೆ ಎಂದು ಬರೆದುಕೊಂಡು ಹೋದರು.

೨. ಒದೆತ

ಠಾಣೆಯ ಗುಮಾಸ್ತರಿಗೆ ಒಂದು ಸಲವಾದರೂ ಅದನ್ನು ಹೊಡೆಯುವ ಆಸೆ. ಕುಸನೂರಿನ ಬಯಲಿಗೆ ಕರೆದೊಯ್ದು, ಹಿಡಿಯನ್ನು ಹೆಗಲಿಗೆ ಒತ್ತಿ ಹಿಡಿಯಿರಿ ಎಂದೆ. ಹೊಸ ಶೇರ್ವಾನಿ ಸುಕ್ಕಾದೀತೆಂದು ಅವರು ನಾಲ್ಕು ಬೆರಳು ಬಿಟ್ಟು ಹಿಡಿದರು. ಗುಂಡು ಹಾರಿತು, ಗುಮಾಸ್ತರೂ ಹಾರಿದರು. ಮಣ್ಣಿನಲ್ಲಿ ಕೂತು, ಹೆಗಲು ಹಿಡಿದುಕೊಂಡು ಅವರು ಕೇಳಿದ್ದು ಒಂದೇ ಮಾತು.

"ಮಿಸ್ತ್ರಿ, ಇದಕ್ಕ ಎರಡೂ ಕಡಿ ಬಾಯಿ ಅದ ಏನು?"

೩. ಮಂಜು

ಆಮೇಲೆ ಪೊಲೀಸ್ ಆಕ್ಷನ್ ಆಯಿತು, ನಿಜಾಮ ಸರ್ಕಾರ ಹೋಯಿತು. ಆಗಿನ ಅನಾಹುತಗಳನ್ನು ನಗುತ್ತ ಹೇಳುವಷ್ಟು ಕಲ್ಲೆದೆ ನನಗಿಲ್ಲ. ಠಾಣೆಯ ಮಾತಷ್ಟೇ ಹೇಳುತ್ತೇನೆ. ಹಳೇ ನೌಕರರಿಗೆಲ್ಲ ಪರೀಕ್ಷೆ, ಕೆಲಸ ಬಾರದವರು ಮನೆಗೆ ಎಂದು ಹುಕುಂ ಬಂತು. ಜಮಾದಾರರು ಕಮಲಾಪುರದಲ್ಲಿ ಗುರಿ ಹೊಡೆದು ತೋರಿಸಬೇಕು.

ಅಷ್ಟರಲ್ಲಿ ದಸರೆ. ಆಯುಧಗಳ ಖಂಡೆ ಪೂಜೆಯಲ್ಲಿ ಪೇದೆಗಳು ಭಕ್ತಿ ಹೆಚ್ಚಾಗಿ ರೈಫಲ್ಲಿನ ಬೋಲ್ಟಿಗೆ ಹೋಳಿಗೆ ತಿನ್ನಿಸಿದರು, ದುರ್ಬೀನಿನ ಗಾಜಿಗೇ ಮೂರು ಬೆರಳು ವಿಭೂತಿ ಬಳಿದರು. ಹೂರಣ ಒಣಗಿ ಬೋಲ್ಟು ಕಚ್ಚಿಕೊಂಡಿತು. ನಾನು ಅದನ್ನು ಕೆರೆಯುತ್ತ ಕೂತಿದ್ದಾಗ ಜಮಾದಾರರು ದುರ್ಬೀನಿಗೆ ಕಣ್ಣಿಟ್ಟು, ಹೊರಗೆ ಮಂಜು ಬಿದ್ದಿದೆ ಎಂದರು. ಕಲಬುರಗಿಯಲ್ಲಿ ಮಟಮಟ ಮಧ್ಯಾಹ್ನ ಮಂಜು! ನಾನು ಹೊಟ್ಟೆ ಹಿಡಿದುಕೊಂಡು ನಕ್ಕು, ಗಾಜು ಒರೆಸಿ ಥಳಥಳ ಮಾಡಿ ಕೊಟ್ಟೆ. ಅವರು ಮತ್ತೆ ಕಣ್ಣಿಟ್ಟರು.

"ಮಂಜು ಇನ್ನಾ ಹೋಗಿಲ್ಲ, ಮಿಸ್ತ್ರಿ."

ಮಂಜು ಇದ್ದದ್ದು ಅವರ ಕಣ್ಣಿನಲ್ಲೇ. ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು. ಅವರ ಮನೆಯಲ್ಲಿ ಮದುವೆ ವಯಸ್ಸಿಗೆ ಬಂದ ಇಬ್ಬರು ಹೆಣ್ಣುಮಕ್ಕಳು. ನೌಕರಿ ಹೋದರೆ ಅವರಿಗೆ ಬೇರೆ ದಿಕ್ಕಿಲ್ಲ. ಏನಾದರೂ ಸಮಾಧಾನ ಹೇಳಬೇಕಲ್ಲ, ದುರ್ಬೀನು ಎಲ್ಲವನ್ನೂ ದೊಡ್ಡದು ಮಾಡಿ ತೋರಿಸುತ್ತದೆ ಎಂದೆ.

"ಹೌದು, ಮಂಜೂ ದೊಡ್ಡದಾಗೇ ಕಾಣತದ," ಎಂದರು.

೪. ಕಮಲಾಪುರದ ಗಡಿಗೆ

ಪರೀಕ್ಷೆಗೆ ಬಂದ ಹೊಸ ಸಾಹೇಬರಿಗೆ ಕನ್ನಡ ಬಾರದು, ಹಿಂದುಸ್ತಾನಿ ಮಾತ್ರ. ಕೆಂಪು ಬಾಳೆಯ ತೋಟದ ಬದುವಿನ ಮೇಲೆ ಸುಣ್ಣ ಬಳಿದ ಗಡಿಗೆ ಇಡಿಸಿದರು. ಆರುನೂರು ಗಜ ದೂರ, ಒಂದೇ ಗುಂಡು. ಗಡಿಗೆಯ ಪಕ್ಕದ ತಗ್ಗಿನಲ್ಲಿ ನಾನು. ಎಲ್ಲ ಸಿದ್ಧ ಎನ್ನಲು ಕೆಂಪು ಬಾವುಟ ಎತ್ತಿ ಹಿಡಿದು, ತಲೆ ತಗ್ಗಿಸಿ ಕೂರಬೇಕು. ಬಾವುಟ ಎತ್ತಿದೆ, ಆದರೆ ತಲೆ ತಗ್ಗಿಸಲು ಮನಸ್ಸು ಕೇಳಲಿಲ್ಲ. ಗುಂಡು ತಪ್ಪಿದರೆ ಗಡಿಗೆಯನ್ನು ನಾನೇ ಒಡೆಯೋಣವೆಂದು ಇನ್ನೊಂದು ಕೈಯಲ್ಲಿ ಕಲ್ಲು ಹಿಡಿದಿದ್ದೆ.

ಈ ರೈಫಲ್ಲಿನ ಗುಂಡು ತನ್ನ ಸದ್ದಿಗಿಂತ ಮೊದಲು ಬರುತ್ತದೆ. ಕಿವಿಯ ಪಕ್ಕ ಚಟ್ ಎಂದಿತು, ಆಮೇಲೆ ಢಂ ಎಂದಿತು. ಕಲ್ಲು ಕೈಯಿಂದ ಬಿದ್ದುಹೋಯಿತು. ಗಡಿಗೆ ಹಾಗೇ ಕೂತಿತ್ತು. ಹಿಂದೆ ತೋಟದಲ್ಲಿ ಏನೋ ಧೊಪ್ಪನೆ ಬಿತ್ತು.

ತೋಟದ ಮುದುಕಿ ಬಾಳೆಗೊನೆ ಕಂಕುಳಲ್ಲಿಟ್ಟುಕೊಂಡು ಬಂದವಳೇ ನನ್ನ ಅಂಗಿ ಹಿಡಿದು ಸಾಹೇಬರ ಮುಂದೆ ಎಳೆದೊಯ್ದಳು.

"ಇನ್ನಾ ಎಂಟು ದಿನ ಬಲೀಬೇಕಿತ್ತು ಗೊನಿ. ಯಾವ ಕುರುಡ ಹೊಡದಾನ? ಕಣ್ಣ ಇಲ್ಲೇನು ಅವಗ?"

ಏನನ್ನುತ್ತಾಳೆ ಎಂದು ಸಾಹೇಬರು ನನ್ನನ್ನು ಕೇಳಿದರು. ಇಂಥ ಕಣ್ಣು ಹುಟ್ಟಿದ ಮೇಲೆ ನೋಡಿಲ್ಲವಂತೆ ಹುಜೂರ್, ಎಂದೆ. ಒಂದು ಕಾಯಿಗೂ ಪೆಟ್ಟಾಗದಂತೆ ದಂಟಿಗೇ ಹೊಡೆದು ಗೊನೆ ಇಳಿಸಿದ್ದಾರಂತೆ. ಸಾಹೇಬರು ಗೊನೆ ತಿರುಗಿಸಿ ತಿರುಗಿಸಿ ನೋಡಿದರು. ಹಾಗಾದರೆ ಗಡಿಗೆ ಯಾಕೆ ಬಿಟ್ಟಿರಿ ಎಂದರು. ಜಮಾದಾರರು ಸಲಾಮು ಹೊಡೆದು, ಗಡಿಗೆಯನ್ನು ಯಾರು ಬೇಕಾದರೂ ಹೊಡೆಯುತ್ತಾರೆ ಎಂದರು. ಸಾಹೇಬರು ಖುಷಿಯಾಗಿ ಮುದುಕಿಯ ಬೆನ್ನು ತಟ್ಟಿದರು. ಅವಳು ಅವರಿಗೂ ಶಾಪ ಹಾಕಿದಳು. ನಾನು ಆಶೀರ್ವಾದ ಎಂದು ತರ್ಜುಮೆ ಮಾಡಿದೆ. ಜಮಾದಾರರ ನೌಕರಿ ಉಳಿಯಿತು, ಮೇಲೆ ಹೊಸ ಪೇದೆಗಳಿಗೆ ಗುರಿ ಕಲಿಸುವ ಉಸ್ತಾದಗಿರಿಯೂ ಸಿಕ್ಕಿತು.

ವಾಪಸು ಬರುವಾಗ ಬಂಡಿಯಲ್ಲಿ ನಾವಿಬ್ಬರೇ. ಖರೇ ಹೇಳಿರಿ, ಗುರಿ ಇಟ್ಟದ್ದು ಯಾವುದಕ್ಕೆ ಎಂದು ಕೇಳಿದೆ.

"ಗಡಿಗಿ ಎಲ್ಲಿ ಕಂಡದ, ಮಿಸ್ತ್ರಿ? ಮಂಜಿನಾಗ ಏನೋ ಕೆಂಪಂದು ಅಲ್ಲಾಡತಿತ್ತು. ಗಡಿಗಿಗಿ ಕೆಂಪು ಬಣ್ಣ ಹಚ್ಚ್ಯಾರ ಅಂತ ತಿಳದು ಅದಕ್ಕೇ ಇಟ್ಟೆ."

ಅವರ ಗುರಿ ತಪ್ಪದಿರಲಿ ಎಂದು ಎಂಟು ದಿನದಿಂದ ಕಂಡ ದೇವರಿಗೆಲ್ಲ ಬೇಡಿಕೊಂಡವನು, ಆ ಕೆಂಪು ಬಾವುಟ ಹಿಡಿದು ಕೂತಿದ್ದ ನಾನೇ. ಯಾವ ದೇವರೂ ಕಿವಿಗೆ ಹಾಕಿಕೊಳ್ಳದಿದ್ದುದಕ್ಕೆ ಮರುದಿನ ರೋಜಾದ ದರ್ಗಾದಲ್ಲಿ ಸಕ್ಕರೆ ಓದಿಸಿ ಹಂಚಿ ಬಂದೆ.