ದಾರಿಯೇ ಇಲ್ಲ ಎಂದ ಕಂಪ್ಯೂಟರ್

ನನಗೆ ನಕ್ಷೆ ಬಿಡಿಸುವ ಚಟವಿದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕೆಲವರಿಗೆ ಎಲೆಅಡಿಕೆ, ಕೆಲವರಿಗೆ ಇಸ್ಪೀಟು, ನನಗೆ ಖಾಲಿ ಕಾಗದ. ಒಮ್ಮೆ ಹೀಗೆಯೇ ಒಂದು ನಕ್ಷೆ ಬರೆದುಕೊಂಡು ಲೋಕಾಪುರದಲ್ಲಿ ಬಸ್ಸಿಳಿದು ಬೀಗರ ಮನೆ ಹುಡುಕತೊಡಗಿದೆ. ಮೊದಲ ತಿರುವಿನಲ್ಲೇ ದಾರಿ ತಪ್ಪಿತು. ಪಾನ್ ಅಂಗಡಿಯವನು, "ಹಿಂಗ ಸೀದಾ ಹೋಗ್ರಿ, ಹಿಟ್ಟಿನ ಗಿರಣಿ ಬರ್ತೈತಿ, ಅವನ್ನ ಕೇಳ್ರಿ" ಅಂದ. ಗಿರಣಿಯವನು, "ಮುಂದ ಟೇಲರ್ ಅದಾನ, ಅವನ್ನ ಕೇಳ್ರಿ" ಅಂದ. ಟೇಲರ್ ಹೊಲಿಯುತ್ತಿದ್ದುದನ್ನು ಬಿಟ್ಟು ಮನೆಯ ತನಕ ಬಂದು, ಬೀಗರ ಜೊತೆ ಚಹಾ ಕುಡಿದೇ ಹೋದ. ನನ್ನ ನಕ್ಷೆ ಜೇಬಿನಲ್ಲೇ ಬೆವರಿತು. ಮುಂದೆ ನಮ್ಮ ಕಚೇರಿ ನನ್ನನ್ನು ಜಮಖಂಡಿಗೆ ಮೂರು ದಿನದ ತರಬೇತಿಗೆ ಕಳಿಸಿದಾಗ ತಿಳಿಯಿತು: ಆ ಮೂವರು ಒಬ್ಬರಿಂದೊಬ್ಬರಿಗೆ ನನ್ನನ್ನು ದಾಟಿಸಿದ್ದಕ್ಕೆ ಗ್ರಾಫ್ ಡೇಟಾಬೇಸ್ ಎಂದು ಹೆಸರಂತೆ!

ನಾನು ಬನಹಟ್ಟಿಯ ನಗರಸಭೆಯಲ್ಲಿ ಗುತ್ತಿಗೆ ಮೇಲಿರುವ ಇಂಜಿನಿಯರ್. ನಮ್ಮಲ್ಲಿ ಎರಡು ಬಗೆಯ ಮಾಹಿತಿ ಇದೆ. ಒಂದು, ಮೇಲಿನಿಂದ ನೋಡಿದ ಊರಿನ ನಕ್ಷೆ. ಅದಕ್ಕೆ ಓಣಿ ಗೊತ್ತು, ಓಣಿಯೊಳಗಿನ ಮನೆ ಬರೀ ಒಂದು ಚೌಕ. ಇನ್ನೊಂದು, ಕಂಪ್ಯೂಟರಿನಲ್ಲಿ ಕಟ್ಟಿದ ಮನೆಯ ಮಾದರಿ. ಅದಕ್ಕೆ ಖೋಲಿ, ಮೆಟ್ಟಿಲು, ಕಿಟಕಿ ಎಲ್ಲ ಗೊತ್ತು, ಆದರೆ ಹೊಸ್ತಿಲಾಚೆ ಜಗತ್ತಿದೆ ಎಂಬುದೇ ಗೊತ್ತಿಲ್ಲ. ಇವೆರಡೂ ಮದುವೆಯಲ್ಲಿ ಮುನಿಸಿಕೊಂಡ ಬೀಗರ ಹಾಗೆ ಒಂದರ ಮುಖ ಒಂದು ನೋಡುವುದಿಲ್ಲ. ಗ್ರಾಫ್ ಡೇಟಾಬೇಸ್ ನಡುವೆ ನಿಂತು ರಾಜಿ ಮಾಡಿಸುತ್ತದೆ. ಪ್ರತಿ ಖೋಲಿಗೂ ಓಣಿಗೂ ಒಂದೊಂದು ಚುಕ್ಕಿ, ಎರಡರ ನಡುವೆ ಬಾಗಿಲಿದ್ದರೆ ಒಂದು ಗೆರೆ. ಚುಕ್ಕಿಯಿಂದ ಚುಕ್ಕಿಗೆ ಗೆರೆ ಹಿಡಿದು ಹೋದರೆ ಹೆದ್ದಾರಿಯಿಂದ ಬಚ್ಚಲಮನೆಯ ತನಕ ದಾರಿ. ಇದನ್ನು ಹೆಂಡತಿ ಸುರೇಖಾಳಿಗೆ ಮುಕ್ಕಾಲು ಗಂಟೆ ವಿವರಿಸಿದೆ. ಅವಳು ರಬಕವಿಯ ನೇಕಾರರ ಮನೆಯ ಮಗಳು. "ಅಂದ್ರ ಎಳಿ, ಗಂಟು. ಇಷ್ಟಕ್ಕ ಜಮಖಂಡಿಗೆ ಹೋಗಿ ಬಂದ್ರೇನ್ರಿ?" ಅಂದಳು.

ಇದನ್ನು ಒಂದು ಓಣಿಯ ಮೇಲೆ ಪ್ರಯೋಗ ಮಾಡಿ ಕಚೇರಿಯ ಸಾಹೇಬರಿಗೆ ತೋರಿಸಬೇಕಿತ್ತು. ಅವರಿಗೆ ಒಪ್ಪಿಗೆಯಾದರೆ ನನ್ನ ಗುತ್ತಿಗೆ ಇನ್ನೊಂದು ವರ್ಷ ಮುಂದುವರಿಯುತ್ತದೆ, ಇಲ್ಲವಾದರೆ ತಿಂಗಳ ಕೊನೆಗೆ ನಾನು ಮನೆಗೆ. ಹಾಗಾಗಿ ಪ್ರಯೋಗಕ್ಕೆ ನಮ್ಮ ಓಣಿಯನ್ನೇ ಆರಿಸಿಕೊಂಡೆ. ಒಂದೇ ಬದಿಗೆ ಗೋಡೆಗೆ ಗೋಡೆ ಹತ್ತಿದ ಎಂಟು ಮನೆ. ರಸ್ತೆಯ ಬಾಯಿಗೆ ನಾವು ಬಾಡಿಗೆಗಿರುವ ಮನೆ, ಅದರ ಮುಂಬಾಗಿಲು ರಸ್ತೆಗೇ; ಒಳತುದಿಗೆ ಮಲ್ಲಪ್ಪ ಕಾಕಾನದು, ಅದರಾಚೆ ಓಣಿಯೇ ಮುಗಿಯುತ್ತದೆ. ಹಿಂದೊಮ್ಮೆ ಎಂಟೂ ಒಂದೇ ಮನೆತನ, ಪಾಲಾದಾಗ ನಡುವಿನ ಬಾಗಿಲು ಮುಚ್ಚಿದರಂತೆ. ನಾನು ಕಟ್ಟೆಯ ಮೇಲೆ ಕುಳಿತ ಗಂಡಸರನ್ನು ಒಬ್ಬೊಬ್ಬರಾಗಿ ಕೇಳಿ ಮನೆಗೊಂದು ಸರ್ವೇ ಫಾರಂ ತುಂಬಿದೆ. "ಆ ಬಾಗಲಾ? ನಮ್ಮಪ್ಪನ ಕಾಲಕ್ಕ ಮುಚ್ಚೈತಿ. ಮೊಳಿ ಹೊಡದದ್ದು ನಾ ಕಣ್ಣಾರೆ ನೋಡೇನಿ" ಎಂದರು ಮಲ್ಲಪ್ಪ ಕಾಕಾ. ಏಳು ಜನ ಏಳು ಸಲ ಹೀಗೇ ಹೇಳಿದರು. ಹಿರಿಯರ ಮಾತು, ಅನುಮಾನ ಪಡುವುದುಂಟೆ? ನಡುಗೋಡೆಗಳಲ್ಲಿ ಒಂದೂ ಗೆರೆ ಹಾಕಲಿಲ್ಲ.

ಸಾಹೇಬರು ನಮ್ಮ ಮನೆಯ ಪಡಸಾಲೆಗೇ ಬಂದರು. ಸ್ಟೂಲಿನ ಮೇಲೆ ಲ್ಯಾಪ್‌ಟಾಪ್, ಅದರ ಮುಂದೆ ಹೊಸ ಅಂಗಿಯಲ್ಲಿ ನಾನು. ಪರದೆಯ ಮೇಲೆ ನಮ್ಮ ಓಣಿ ಗಿರ್ರನೆ ತಿರುಗಿತು, ಸಾಹೇಬರು "ಛಲೋ ಐತಿ" ಅಂದರು, ನಾನು ನೆಲದಿಂದ ನಾಲ್ಕು ಬೆರಳು ಮೇಲೆದ್ದೆ. ಆಗ ಅವರು, "ಒಳತುದಿ ಮಗ್ಗದ ಖೋಲಿಯೊಳಗ ನೂಲಿಗೆ ಬೆಂಕಿ ಹತ್ತೇತಿ ಅಂತ ತಿಳೀರಿ. ಓಣಿಯೊಳಗ ಇಟ್ಟಿಗಿ ಟ್ರ್ಯಾಕ್ಟರ್ ಸಿಕ್ಕೊಂಡೈತಿ. ಆ ಮನಿ ಮಂದಿ ರಸ್ತೆಗೆ ಹೆಂಗ ಬರ್ತಾರ?" ಎಂದು ಕೇಳಿದರು. ನಾನು ಒತ್ತಿದೆ. ಚಕ್ರ ತಿರುಗಿತು, ತಿರುಗಿತು, ಕೊನೆಗೆ ಕೆಂಪಕ್ಷರದಲ್ಲಿ "ದಾರಿ ಇಲ್ಲ" ಎಂದು ಬಂತು. ಮತ್ತೆ ಒತ್ತಿದೆ. ಮತ್ತೆ ದಾರಿ ಇಲ್ಲ. ಇಡೀ ಮನೆತನವನ್ನು ನಾನೇ ಕೈಯಾರೆ ಸುಟ್ಟ ಹಾಗಾಗಿತ್ತು!

ಅಷ್ಟರಲ್ಲಿ ನಮ್ಮ ಅಡುಗೆಮನೆಯಿಂದ ಗಂಗವ್ವ ಕಾಕು ಹೊರಬಂದರು. ಇವರು ಮಲ್ಲಪ್ಪ ಕಾಕಾನ ಹೆಂಡತಿ, ಅಂದರೆ ಈಗಷ್ಟೇ ಬೆಂಕಿಯಲ್ಲಿ ಸಿಕ್ಕಿಬಿದ್ದವರು. ಕೈಯಲ್ಲಿ ಮಿರ್ಚಿ ಭಜಿಯ ತಾಟು. "ತಗೋರಿ ಸಾಹೇಬ್ರ, ಬಿಸಿ ಅದಾವು" ಅಂದರು. ಸಾಹೇಬರು ಕಚ್ಚಿದ್ದೇ ಹಾ ಹಾ ಎಂದು ಬಾಯಿ ಬಿಟ್ಟರು. ನೀರು ಕುಡಿದು, "ಎಲ್ಲಿ ಕರದ್ರಿ ಇವನ್ನ?" ಎಂದರು.

"ನಮ್ಮ ಮನ್ಯಾಗರಿ. ಈಗ ಬಾಣಲಿ ಇಳಿಸಿ ಬಂದ್ನಿ."

"ಓಣಿಯಾಗ ನಿಮ್ಮನ್ನ ನೋಡಲಿಲ್ಲಲ್ರೀ?"

"ಓಣಿ ಯಾಕ್ರಿ, ಬಿಸಲಾಗ? ಒಳಗಿಂದೊಳಗ ಬಂದ್ನಿ."

ಸಾಹೇಬರು ಎದ್ದರು. ಅವರ ಹಿಂದೆ ನಾನು. ಸುರೇಖಾ ಅಡುಗೆಮನೆಯ ಮೂಲೆಯ ಹೂಬಳ್ಳಿಯ ಪರದೆ ಸರಿಸಿದಳು. ಆ ಪರದೆಯ ಹಿಂದೆ ಉಪ್ಪಿನಕಾಯಿ ಭರಣಿ ಇಡುವ ಗೋಡೆಯ ಗೂಡು ಇದೆ ಎಂದು ಹನ್ನೊಂದು ವರ್ಷದಿಂದ ನಂಬಿದ್ದೆ. ಅಲ್ಲಿದ್ದದ್ದು ಬಾಗಿಲು. ಅದರಾಚೆ ಪಕ್ಕದ ಮನೆಯ ಅಡುಗೆಮನೆ, ಅದರಾಚೆ ಇನ್ನೊಂದು, ಹೀಗೆ ಏಳೂ ಒಲೆಗಳು ಸಾಲಾಗಿ ಕಂಡವು. ಗಂಡಸರು ಮೊಳೆ ಹೊಡೆದದ್ದು ಖರೆ. ಹೊಡೆದ ವಾರದಲ್ಲೇ ಹೆಪ್ಪಿಗೆ ಮಜ್ಜಿಗೆ ಬೇಕಾಗಿ ಹೆಂಗಸರು ಮೊಳೆ ಕಿತ್ತದ್ದೂ ಖರೆ. ನಾನು ಪಿಸುದನಿಯಲ್ಲಿ, "ಒಂದು ಮಾತು ಹೇಳಬಾರದಿತ್ತೇ?" ಎಂದೆ. ಸುರೇಖಾ, "ನೀವು ಸರ್ವೇದೊಳಗ ನನ್ನ ಕೇಳಿದ್ರೇನು?" ಅಂದಳು. ನಮ್ಮ ಮನೆಯ ಫಾರಂ ಅನ್ನು ನಾನು ಕುರ್ಚಿಯಲ್ಲಿ ಕುಳಿತಲ್ಲೇ ತುಂಬಿದ್ದೆ.

ಸುರೇಖಾ ಹೇಳುತ್ತ ಹೋದಳು, ನಾನು ಬೆವರೊರೆಸಿಕೊಳ್ಳುತ್ತ ಏಳು ಗೆರೆ ಹಾಕಿದೆ. ಒತ್ತಿದ ಕೂಡಲೇ ಮಗ್ಗದ ಖೋಲಿಯಿಂದ ರಸ್ತೆಗೆ ಹಸಿರು ದಾರಿ ಝಗ್ಗನೆ ಹೊತ್ತಿಕೊಂಡಿತು. ಅಬ್ಬಾ! ಗಂಗವ್ವ ಕಾಕು ಚಪ್ಪಾಳೆ ತಟ್ಟಿದರು, "ಉಳದ್ನೆಪಾ!" ಅಂದರು. ನನಗೆ ಕುಣಿಯುವಷ್ಟು ಖುಷಿ. ಸಾಹೇಬರಿಗೂ ಹುರುಪು ಬಂತು. "ಈಗ ಎಲ್ಲಾ ದಾರಿ ಹಾದುಹೋಗೋ ಖೋಲಿ ಯಾವುದು ನೋಡ್ರಿ" ಅಂದರು. ಉತ್ತರ ಬಂತು: ಒಂದನೇ ಮನೆ, ಅಡುಗೆಮನೆ. ನಮ್ಮದೇ. ಪಕ್ಕದಲ್ಲಿ ಸರ್ವೇ ಮಾಡಿದವರ ಕಾಲಂನಲ್ಲಿ ನನ್ನ ಹೆಸರು, ಅದರ ಮುಂದೆ "ಖುದ್ದಾಗಿ ಪರಿಶೀಲಿಸಲಾಗಿದೆ." ಸಾಹೇಬರು ಓದಿ, ನನ್ನನ್ನು ನೋಡಿ, ಇನ್ನೊಂದು ಭಜಿ ತೆಗೆದುಕೊಂಡರು.

"ನಿಮ್ಮ ಗುತ್ತಿಗಿ ಮುಂದುವರಸ್ತೀನಿ," ಎಂದರು ಹೋಗುವಾಗ. "ಆದ್ರ ಇನ್ನ ಮ್ಯಾಲೆ ಒಳಗಿನ ಸರ್ವೇ ನಿಮ್ಮ ಮನಿಯವರು ಮಾಡ್ಲಿ, ಮಹಿಳಾ ಸಂಘದವರನ್ನ ಕರ್ಕೊಂಡು. ನೀವು ಹೊರಗಿಂದು ನೋಡ್ಕೋರಿ."

ಈಗ ಸುರೇಖಾ ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು ಮನೆಯಿಂದ ಮನೆಗೆ ಹೋಗುತ್ತಾಳೆ. ಒಳಗೆ ಚಹಾ, ಚುರುಮುರಿ ಸುಸಲಾ, ಬಿದ್ದು ಬಿದ್ದು ನಗುವ ಸದ್ದು. ಹೊಸ್ತಿಲಾಚೆ ನಾನು, ಅಳತೆ ಟೇಪಿನ ಒಂದು ತುದಿ ಹಿಡಿದುಕೊಂಡು. ನಿನ್ನೆ ನಗೆ ತೀರಾ ಜೋರಾಯಿತೆಂದು ಕತ್ತು ಒಳಗೆ ಹಾಕಿದೆ. "ರೀ, ಹೊರಗ ನಿಂದರ್ರಿ, ಟೇಪ್ ಸಡಲ ಆಗಾಕತ್ತೈತಿ!" ಎಂದು ಕೂಗಿದಳು. ಎದುರಿನ ಕಟ್ಟೆಯ ಮೇಲಿದ್ದ ಮಲ್ಲಪ್ಪ ಕಾಕಾ ಪಕ್ಕಕ್ಕೆ ಸರಿದು, "ಬಾರೋ ತಮ್ಮಾ, ಇಲ್ಲೇ ಕುಂದ್ರು. ನಮ್ಮನ್ನೂ ಒಳಗ ಯಾರೂ ಕರಿಯೂದಿಲ್ಲ" ಎಂದು ಜಾಗ ಮಾಡಿಕೊಟ್ಟರು. ಹೋಗಿ ಕುಳಿತೆ. ಟೇಪಿನ ತುದಿ ಮಾತ್ರ ಬಿಡಲಿಲ್ಲ, ನೌಕರಿಯ ಪ್ರಶ್ನೆ.