ಕೆಂಪು ಸಂಕದಲ್ಲಿ ನೀರು ಹರಿಯಲು ಅನುಮತಿ

ಸಂಖ್ಯೆ: ಸಂರಕ್ಷಣೆ/ಬ್ರಹ್ಮಾವರ/ಮಳೆಗಾಲ/೭(ಅ)
(ಮೂಲ ಪ್ರತಿ ಒದ್ದೆಯಾದ ಕಾರಣ ಮರುಪ್ರತಿ)

ವಿಷಯ: ಕೆಳಬೈಲಿನ ಇಟ್ಟಿಗೆ ಮೇಲ್ಗಾಲುವೆ ಸೇತುವೆಯ ಬಗ್ಗೆ.

ಉಲ್ಲೇಖ: ೧. ಸದರಿ ಸೇತುವೆಯಲ್ಲಿ ನೀರು ಹರಿಯಬಾರದೆಂಬ ಇದೇ ಕಚೇರಿಯ ಸುತ್ತೋಲೆ.
೨. ಬೈಲಿನಲ್ಲಿ ಗದ್ದೆ ಮಾಡುವ ಶ್ರೀಮತಿ ಸುಗುಣ ಅವರ ಮೌಖಿಕ ಆಕ್ಷೇಪಣೆ.

ಬೈಲಿನಲ್ಲಿ ನಿಲ್ಲುವ ಮಳೆನೀರನ್ನು ಉಪ್ಪುನೀರಿನ ತೋಡಿನ ಮೇಲಿಂದ ದಾಟಿಸಿ ಹೊಳೆಗೆ ಬಿಡಲು ಹಿಂದಿನವರು ಕಟ್ಟಿದ, ಊರವರು ಕೆಂಪು ಸಂಕ ಎನ್ನುವ ಸದರಿ ಸೇತುವೆಯನ್ನು ಪಾರಂಪರಿಕ ಕಟ್ಟಡವೆಂದು ಘೋಷಿಸಲಾಗಿರುತ್ತದೆ. ತದನಂತರ, ಹಳೆಯ ಇಟ್ಟಿಗೆಗೆ ನೀರು ತಾಗಬಾರದೆಂದು ಅದರ ಬಾಯಿಗೆ ಮರಳಿನ ಚೀಲಗಳನ್ನು ಒಟ್ಟಲಾಗಿತ್ತು. ಪರಿಣಾಮವಾಗಿ ಸೇತುವೆ ಒಣಗಿದ್ದು, ಬೈಲು ಮುಳುಗಿದ್ದು, ಸುಗುಣ ಅವರು ನೆಟ್ಟ ಭತ್ತದ ಅಗೆ ಕೊಳೆಯತೊಡಗಿರುತ್ತದೆ. ಆದ್ದರಿಂದ ಈ ಕೆಳಗಿನಂತೆ ಆದೇಶಿಸಲಾಗಿದೆ.

೧. ಚೀಲಗಳನ್ನು ತಕ್ಷಣ ತೆಗೆಯತಕ್ಕದ್ದು. ಅಲ್ಲಿಯವರೆಗೆ ಏರದೆ ಇದ್ದಲ್ಲೇ ಇರುವಂತೆ ಬೈಲಿನ ನೀರಿಗೆ ಈ ಮೂಲಕ ಸೂಚಿಸಲಾಗಿದೆ.

೨. ಹರಿಯುವ ನೀರು ಸಾಧ್ಯವಾದಷ್ಟು ಇಟ್ಟಿಗೆಗೆ ತಾಗದೆ ನಡುವಿನಲ್ಲೇ ಸಾಗತಕ್ಕದ್ದು. ರಜಾದಿನದ ಮಳೆಗೆ ಪ್ರತ್ಯೇಕ ಅರ್ಜಿ ಅಗತ್ಯವಿಲ್ಲ.

೩. ಒಂದು ಚೀಲ ಸರಿಸಿದ್ದಕ್ಕಾಗಿ ಸುಗುಣ ಅವರಿಗೆ ನೋಟಿಸು ನೀಡಲು ಹೋದ ಅಧಿಕಾರಿಯು ಗದ್ದೆಯ ಅಂಚು ಕಾಣದೆ ಸೊಂಟದವರೆಗೆ ಹೂತುಹೋದ ಜಾಗವನ್ನು ಪಾರಂಪರಿಕ ಸ್ಥಳವೆಂದು ಪರಿಗಣಿಸತಕ್ಕದ್ದಲ್ಲ. ಜೀಪು ಚಾಲಕ ಶ್ರೀ ಪಾಂಡು ಅವರು ಆ ಸಂದರ್ಭದಲ್ಲಿ ತೆಗೆದ ಫೋಟೊವನ್ನು ಕಚೇರಿಯ ವಾಟ್ಸಾಪ್ ಗುಂಪಿನಿಂದ ಅಳಿಸತಕ್ಕದ್ದು.

೪. ಆಗ ಸುಗುಣ ಅವರು “ಹ್ವಾಯ್, ನೋಟಿಸ್ ಹೋಯ್ಲಿ, ಮೊದ್ಲ್ ನನ್ ಕೈ ಹಿಡ್ಕಣಿ” ಎಂದಿರುವುದನ್ನು ನೋಟಿಸಿಗೆ ಸಮರ್ಪಕ ಉತ್ತರವೆಂದು ಅಂಗೀಕರಿಸಲಾಗಿದೆ. ಎಳೆದು ಮೇಲೆ ಹಾಕಿದ ನಂತರ “ನೀರ್ ಹೋಪುಕೆ ಕಟ್ಟದ್ದ್ ಅಲ್ದಾ ಮಾರಾಯ್ರೆ ಅದ್?” ಎಂದು ಕೇಳಿದ್ದಕ್ಕೆ ಉತ್ತರಿಸಲು ಇಲಾಖೆಗೆ ಕಾಲಾವಕಾಶ ಬೇಕಾಗಿರುತ್ತದೆ.

೫. ಅವರು ನೀಡಿದ ಒಣ ಪಂಚೆ ಹಾಗೂ ಬೆಲ್ಲದ ಕಾಫಿಯನ್ನು ಲಂಚವೆಂದು ಭಾವಿಸತಕ್ಕದ್ದಲ್ಲ. ಎರಡನೇ ಲೋಟವನ್ನು ಅಧಿಕಾರಿಯೇ ಕೇಳಿ ಪಡೆದಿರುತ್ತಾರೆ.

೬. ಕೊಳೆತಷ್ಟು ಅಗೆಯನ್ನು ತಮ್ಮ ಗದ್ದೆಯಿಂದ ಕೊಡಲು ನೆರೆಮನೆಯ ರತ್ನ ಅವರು, ಯಾರೂ ಕೇಳದೆಯೇ, ಒಪ್ಪಿರುತ್ತಾರೆ. ನೆಡಲು ಸಿಬ್ಬಂದಿ ಭಾನುವಾರ ಹಾಜರಾಗತಕ್ಕದ್ದು. ಬೇರು ಕೆಳಗೆ ಬರತಕ್ಕದ್ದು.

ಸಹಿ/-
ಸಂರಕ್ಷಣಾಧಿಕಾರಿ
(ಕಲಂ ೩ರಲ್ಲಿ ಹೂತವರು)

ಪ್ರತಿಗಳು:
೧. ಮೇಲಧಿಕಾರಿಗಳಿಗೆ, ಕಲಂ ೩ನ್ನು ಹೊರತುಪಡಿಸಿ.
೨. ಶ್ರೀ ಪಾಂಡು ಅವರಿಗೆ, ಕಲಂ ೩ ಮಾತ್ರ.
೩. ಶ್ರೀಮತಿ ಸುಗುಣ ಅವರಿಗೆ, ಒಗೆದು ಮಡಚಿದ ಪಂಚೆಯೊಂದಿಗೆ. ಅಧಿಕಾರಿಯು ಕೆಂಪು ಸಂಕದ ಕಾಲುವೆಯೊಳಗೆ ಬರಿಗಾಲಲ್ಲಿ ನಡೆದೇ ತಲುಪಿಸುವುದು. ಕಾಲು ಒದ್ದೆಯಾಗದಿದ್ದಲ್ಲಿ, ಹಿಂದಿರುಗಿ ಉಳಿದ ಚೀಲಗಳನ್ನು ತಾವೇ ತೆಗೆಯುವುದು.